ಹೌದದ ನೀರು ತಿಳಿಯಾಗುವ ಬಗೆ

ಕೃಷ್ಣೆ ಭೀಮೆಯರ ನಡುವಿನ ನಮ್ಮ ಸೀಮೆಯಲ್ಲಿ ವೈಶಾಖ ಮಾಸದ ಬಿಸಿಲನ್ನು ಕಂಡವರಿಗೆ ನೀರಿನ ಬೆಲೆಯನ್ನು ಬಾಯಿಂದ ಹೇಳಬೇಕಾಗಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ಈ ನಾಲ್ಕೂ ಕಡೆಗಳಲ್ಲಿ ವರ್ಷಕ್ಕೆ ಬೀಳುವ ಮಳೆಯು 600 ಮಿಲಿಮೀಟರಿನ, ಎಂದರೆ 24 ಅಂಗುಲದ, ಆಚೀಚೆಯದು, ಅದೂ ನೆಚ್ಚಿಕೆಯದಲ್ಲ. ಇಂಥ ನಾಡಿನಲ್ಲಿ ಮನೆಯ ಹಿತ್ತಿಲಲ್ಲಿ ಎದೆಮಟ್ಟದ ನೀರು ನಿಂತಿರುವದೆಂದರೆ ಅದನ್ನು ಮನೆತನದ ಭಾಗ್ಯವೆಂದೇ ಎಣಿಸುವರು. ಆ ನೀರು ಹಸಿರಾಗಿ, ಬಳಿಕ ಕದಡಿ, ಮುಳುಗಿಸಿದ ಕೈ ಕಾಣದಂತಾದಾಗ ಅದನ್ನು ಚೆಲ್ಲದೆ ಮತ್ತೆ ತಿಳಿಯಾಗಿಸುವದು ಹೇಗೆಂಬದೇ ಪ್ರಕೃತ ಲೇಖನದ ವಿಷಯವು.

ಹೌದವೆಂದರೇನೆಂಬದನ್ನು ನಮ್ಮ ಕಡೆಯ ವಾಚಕರಿಗೆ ವಿವರಿಸಬೇಕಾಗಿಲ್ಲ. ದೂರದವರಿಗಾಗಿ ಎರಡು ಮಾತು: ಬಾವಿಯಿಂದ ಎತ್ತಿದ ನೀರನ್ನು ತೋಟಕ್ಕೆ ಬಿಡುವ ಮುನ್ನ ತುಂಬಿಡುವ ಕಲ್ಲು-ಗಚ್ಚಿನ ದೊಡ್ಡ ತೊಟ್ಟಿಯೇ ಹೌದ. ಹಿಂದೆ ಮೊಟ್ಟೆಯ ನೀರು ಅದಕ್ಕೆ ಬೀಳುತ್ತಿದ್ದಿತು. ಈಗ ಕೊಳವೆಬಾವಿಯ ನೀರು ಬೀಳುವದು. ಬೇಸಿಗೆಯ ಸೂಟಿಯಲ್ಲಿ ಪುಣೆ ಬೆಂಗಳೂರುಗಳಿಂದ ಬಂದ ಮಕ್ಕಳಿಗೆ ಅದೇ ಈಸುವ ಕೊಳ. ಪಟ್ಟಣದ ಶ್ರೀಮಂತರು ಈಚೆಗೆ ಮನೆಯ ಹಿಂದೆ ನೀಲಿ ಹಂಚು ಹಾಸಿ ಕಟ್ಟಿಸುವ ಈಜುಗೊಳಕ್ಕೂ ನಮ್ಮ ಹೌದಕ್ಕೂ ನೀರಿನ ಧರ್ಮದಲ್ಲಿ ಭೇದವೇನೂ ಇಲ್ಲ. ಹಾವಸೆಯು ಎರಡನ್ನೂ ಒಂದೇ ಬಗೆಯಲ್ಲಿ ಹಿಡಿಯುವದು.

ಇಂಡಿ ತಾಲೂಕಿನಲ್ಲಿ ನನ್ನ ಅಕ್ಕನ ಮನೆಯವರದೊಂದು ನಿಂಬೆಯ ತೋಟವಿದೆ. ಒಂದು ಬೇಸಿಗೆಯಲ್ಲಿ ಅವರ ಪಂಪು ಕೆಟ್ಟು ಒಂಬತ್ತು ದಿವಸ ಹೌದದ ನೀರು ಅಲುಗಾಡದೆ ನಿಂತಿತು. ಮೊದಲು ಗೋಡೆಗಳು ಜಾರತೊಡಗಿದವು. ಆಮೇಲೆ ನೀರಿಗೆ ಎಳೆಹುಲ್ಲಿನ ಬಣ್ಣ ಬಂದಿತು. ಒಂಬತ್ತನೆಯ ದಿನಕ್ಕೆ ಅದು ಅರೆದ ಸೊಪ್ಪಿನ ರಸದಂತಾಯಿತು. ಭಾವನವರು ಬ್ಲೀಚಿಂಗ್ ಪುಡಿಯ ಒಂದು ಚೀಲವನ್ನು ತರಿಸಿ, ಅಳತೆಯ ಗೊಡವೆಗೆ ಹೋಗದೆ, ನಡುಮಧ್ಯಾಹ್ನದಲ್ಲಿ ನೇರವಾಗಿ ನೀರಿಗೆ ಸುರಿದರು. ಮರುದಿನ ಹಸಿರು ಹೋಗಿತ್ತು, ನಿಜ. ಆದರೆ ನೀರು ಅಕ್ಕಿ ತೊಳೆದ ಕಲಗಚ್ಚಿನಂತೆ ಬೂದು-ಬಿಳುಪಾಗಿ ನಿಂತಿತ್ತು. ಎರಡು ದಿನ ಕಳೆದರೂ ಅದೇ ಸ್ಥಿತಿ. "ಅವ್ವಾ, ಈ ನೀರು ಕೆಟ್ಟು ಹೋತು. ಬಿಟ್ಟು ಬಿಡೂಣು" ಎಂದು ಅವರು ತಾಯಿಗೆ ಹೇಳಿದರು. ಎಂಬತ್ತು ಮೀರಿದ ಆ ಮುದುಕಿಯು, "ಬಿಡೂದು ಸಸಾರ ಐತಿ ತಮ್ಮಾ, ತುಂಬಾವ್ರು ಯಾರು?" ಎಂದಳು. ಕೊಳವೆಬಾವಿಯ ನೀರು ಆಗಲೇ ಎರಡು ಇಂಚಿನಿಂದ ಒಂದಕ್ಕೆ ಇಳಿದಿತ್ತು.

ಹಾಗಾದರೆ ಇದ್ದಂತೆಯೇ ಇರಲಿ, ಹುಡುಗರು ಈಸಲಿ, ವಿಷವೇನೂ ಅಲ್ಲವಲ್ಲ, ಎಂಬದು ಭಾವನವರ ಎರಡನೆಯ ಯೋಚನೆ. ಅಷ್ಟರಲ್ಲಿ ಕಟ್ಟೆಯ ಮೇಲಿನ ಹಿತ್ತಾಳೆಯ ತಂಬಿಗೆಯು ಯಾರದೋ ಕಾಲು ತಾಗಿ ನೀರಿಗೆ ಬಿದ್ದಿತು. ಐದೇ ಅಡಿ ನೀರು. ಆದರೂ ಗಳ ಹಾಕಿ ಇಬ್ಬರು ಗಂಡಸರು ಅರ್ಧ ತಾಸು ತಡಕಿದರೂ ಸಿಕ್ಕಲಿಲ್ಲ. ಮುದುಕಿಯು ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದವಳು, "ತಂಬಿಗಿ ಕಾಣದ ನೀರಾಗ ಕೂಸು ಬಿದ್ದರ ಕಂಡೀತೇನೋ?" ಎಂದಳು. ಆ ದಿನ ಮಕ್ಕಳನ್ನು ನೀರಿಗಿಳಿಸಲಿಲ್ಲ.

ನೀರು ಕದಡಿರುವದು ಅಂದಗೇಡಿನ ಮಾತು ಮಾತ್ರವೆಂದು ತಿಳಿಯುವವರು ಈ ಮುದುಕಿಯ ಪ್ರಶ್ನೆಯನ್ನು ಮನಸ್ಸಿನಲ್ಲಿಡಬೇಕು. ಮುಳುಗುವ ಮಗು ಕೂಗುವದಿಲ್ಲ, ಸದ್ದಿಲ್ಲದೆ ಒಳಗಿಳಿಯುವದು. ತಿಳಿನೀರಿನಲ್ಲಾದರೆ ದಡದ ಮೇಲಿನ ಒಂದು ಕಣ್ಣಾದರೂ ಅದನ್ನು ಕಾಣುವದು. ಕದಡಿದ ನೀರಿನಲ್ಲಿ ಹತ್ತು ಜನ ಸುತ್ತ ನಿಂತಿದ್ದರೂ ಕಾಣದು.

ಇನ್ನು ನೀರಿಗೆ ಆದದ್ದೇನೆಂಬದನ್ನು ನೋಡೋಣ. ಹಾವಸೆ ಅಥವಾ ಪಾಚಿಯೆಂಬದು ಸಸ್ಯವರ್ಗಕ್ಕೆ ಹತ್ತಿರವಾದ ಅತಿ ಸೂಕ್ಷ್ಮ ಜೀವಿಗಳ ಸಮೂಹ. ಬಿಸಿಲು, ಬೆಚ್ಚಗಿನ ನಿಂತ ನೀರು, ಗೊಬ್ಬರದ ಅಂಶ ಈ ಮೂರೂ ಕೂಡಿದರೆ ಅದು ದಿನಕ್ಕೆ ಇಮ್ಮಡಿಯಾಗಿ ಬೆಳೆಯಬಲ್ಲದು. ಬಿದ್ದ ಎಲೆ, ಹಕ್ಕಿಗಳ ಹಿಕ್ಕೆ, ಹೊಲದಿಂದ ಹಾರಿ ಬಂದ ಗೊಬ್ಬರದ ಧೂಳು, ಈಸುವವರ ಬೆವರು ಎಲ್ಲವೂ ಅದಕ್ಕೆ ಆಹಾರ. ಬಾಗೇವಾಡಿಯ ಕಡೆ ಮುಳವಾಡ ಏತ ನೀರಾವರಿಯ ಕಾಲುವೆ ಬಂದ ಮೇಲೆ ನೀರಿನ ಸುಖ ಹೆಚ್ಚಿತು. ಆದರೆ ಹೊಲಗಳ ನಡುವೆ ಹರಿದು ಬಂದ ನೀರು ಹೌದದಲ್ಲಿ ನಿಂತಾಗ ಕೊಳವೆಬಾವಿಯ ನೀರಿಗಿಂತ ಬೇಗ ಹಸಿರಾಗುವದು ಸಹಜ.

ಇದು ಬಡವರ ಹೌದಕ್ಕೆ ಮಾತ್ರ ಬರುವ ಪೀಡೆಯೆಂದು ಯಾರೂ ನಾಚಬೇಕಾದುದಿಲ್ಲ. 2016ರ ಆಗಸ್ಟಿನಲ್ಲಿ ಬ್ರೆಝಿಲ್ ದೇಶದ ರಿಯೊ ನಗರದಲ್ಲಿ ನಡೆದ ಒಲಿಂಪಿಕ್ ಕ್ರೀಡೆಗಳಲ್ಲಿ, ಜಗತ್ತೆಲ್ಲ ನೋಡುತ್ತಿರುವಾಗಲೇ, ಧುಮುಕುವ ಕೊಳದ ನೀರು ನೀಲಿ ಹೋಗಿ ಹಸಿರಾಯಿತು. ಗುತ್ತಿಗೆದಾರರ ಕಡೆಯವರು 80 ಲೀಟರು ಹೈಡ್ರೋಜನ್ ಪೆರಾಕ್ಸೈಡನ್ನು ನೀರಿಗೆ ಸುರಿದಿದ್ದರೆಂದೂ, ಅದು ಕ್ಲೋರಿನ್ನಿನ ಶಕ್ತಿಯನ್ನು ಅಳಿಸಿಬಿಟ್ಟಿತೆಂದೂ ಆಮೇಲೆ ಹೊರಬಿದ್ದಿತು. ಧುಮುಕುವವರು ಹೇಗೋ ಅದೇ ನೀರಿಗೆ ಧುಮುಕಿದರು. ಆದರೆ ಬಗಲಿನ ಕೊಳದಲ್ಲಿ ತಾಳಬದ್ಧವಾಗಿ ಈಸುವ ಹೆಂಗಸರು ನೀರೊಳಗೆ ಒಬ್ಬರನ್ನೊಬ್ಬರು ಕಾಣಲೇಬೇಕಾದ್ದರಿಂದ ಅದರ ನೀರನ್ನೆಲ್ಲ ತೆಗೆದು, ಅಭ್ಯಾಸದ ಕೊಳದಿಂದ ಲಕ್ಷಾಂತರ ಲೀಟರು ತಿಳಿನೀರನ್ನು ತುಂಬಬೇಕಾಯಿತು. ಅಂಥ ಬದಲಿ ಕೊಳ ನಮ್ಮಲ್ಲಿ ಯಾರಿಗಿದೆ?

ಆದ್ದರಿಂದ ನಮಗುಳಿದುದು ಇದ್ದ ನೀರನ್ನೇ ತಿದ್ದುವ ದಾರಿ. ಇಲ್ಲಿ ಕೆಲಸಗಳು ಎರಡು: ಹಾವಸೆಯನ್ನು ಕೊಲ್ಲುವದೊಂದು, ಸತ್ತುದನ್ನು ಹೊರಗೆ ತೆಗೆಯುವದು ಇನ್ನೊಂದು. ಹೆಚ್ಚಿನವರು ಮೊದಲನೆಯದನ್ನು ಮಾಡಿ ಎರಡನೆಯದು ತಾನಾಗಿ ಆಗುವದೆಂದು ಕಾಯ್ದು, ಆಗದಿರಲು ಔಷಧವೇ ಸುಳ್ಳೆನ್ನುವರು. ಭಾವನವರ ಹೌದದ ಬೂದು ಬಣ್ಣವು ಸೋಲಿನ ಗುರುತಾಗಿರಲಿಲ್ಲ. ಅರ್ಧ ಗೆಲವಿನ ಗುರುತಾಗಿತ್ತು.

ಕೊಲ್ಲುವ ಕೆಲಸಕ್ಕೆ ಮೊದಲು ಹೌದದ ಅಳತೆಯನ್ನು ತಿಳಿಯತಕ್ಕದ್ದು. ಉದ್ದ, ಅಗಲ, ನೀರಿನ ಆಳಗಳನ್ನು ಅಡಿಗಳಲ್ಲಿ ಗುಣಿಸಿ, ಬಂದುದನ್ನು 28ರಿಂದ ಗುಣಿಸಿದರೆ ಸುಮಾರಾಗಿ ಲೀಟರುಗಳ ಲೆಕ್ಕ ಸಿಕ್ಕುವದು. ಅಕ್ಕನ ಮನೆಯ ಹೌದ 20 ಅಡಿ ಉದ್ದ, 15 ಅಡಿ ಅಗಲ, 5 ಅಡಿ ನೀರು: ಎಂದರೆ 42,000 ಲೀಟರು. ಒಳ್ಳೆಯ ಹೊಸ ಬ್ಲೀಚಿಂಗ್ ಪುಡಿಯಲ್ಲಿ ನೂರಕ್ಕೆ ಮೂವತ್ತರಷ್ಟು ಕ್ಲೋರಿನ್ ಇರುವದು. ಹಸಿರು ನೀರಿಗೆ ಲೀಟರಿಗೆ 10 ಮಿಲಿಗ್ರಾಮಿನಂತೆ ಕ್ಲೋರಿನ್ ಬೇಕೆಂದು ಹಿಡಿದರೆ 1,000 ಲೀಟರಿಗೆ 33 ಗ್ರಾಮಿನಷ್ಟು ಪುಡಿ. ಈ ಹೌದಕ್ಕೆ ಒಂದು ಕಿಲೋ ನಾಲ್ಕುನೂರು ಗ್ರಾಮು. ಬಾಯಿ ತೆರೆದಿಟ್ಟ ಹಳೆಯ ಚೀಲದ ಪುಡಿಯಲ್ಲಿ ಸತ್ವ ಉಳಿದಿರುವದಿಲ್ಲ. ಅದನ್ನು ಎಷ್ಟು ಸುರಿದರೂ ಸುಣ್ಣ ಸುರಿದಂತೆಯೇ.

ಎಲೆ ಕಸವನ್ನು ಬಲೆಯಿಂದ ಮೊದಲೇ ಎತ್ತಿಬಿಡಬೇಕು. ಇಲ್ಲವಾದರೆ ಪುಡಿಯ ಶಕ್ತಿಯೆಲ್ಲ ಅದಕ್ಕೇ ವ್ಯಯವಾಗುವದು. ಗೋಡೆ ಮೆಟ್ಟಿಲುಗಳನ್ನು ಉದ್ದ ಹಿಡಿಯ ಪೊರಕೆಯಿಂದ ತಿಕ್ಕಬೇಕು, ಯಾಕಂದರೆ ಗೋಡೆಗೆ ಹತ್ತಿದ ಹಾವಸೆಯು ತನ್ನ ಲೋಳೆಯ ಹೊದಿಕೆಯೊಳಗೆ ಕ್ಷೇಮವಾಗಿರುವದು. ಪುಡಿಯನ್ನು ಪ್ಲ್ಯಾಸ್ಟಿಕ್ ಬಕೀಟಿನ ನೀರಿನಲ್ಲಿ ಕಲಸಿ, ಹತ್ತು ನಿಮಿಷ ಬಿಟ್ಟು, ಸುಣ್ಣ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿಯನ್ನು ಮಾತ್ರ ಹೌದದ ಸುತ್ತ ಸುರಿಯಬೇಕು. ಸಂಜೆಯ ಹೊತ್ತೇ ಇದಕ್ಕೆ ತಕ್ಕುದು. ಬಿಸಿಲು ಕ್ಲೋರಿನ್ನನ್ನು ಕೆಲವೇ ತಾಸುಗಳಲ್ಲಿ ತಿಂದುಬಿಡುವದು. ಭಾವನವರು ನಡುಮಧ್ಯಾಹ್ನದಲ್ಲಿ ಸುರಿದುದರ ಅರ್ಧಪಾಲು ಹೀಗೆ ಸೂರ್ಯನಾರಾಯಣನಿಗೆ ಅರ್ಪಿತವಾಯಿತು. ರಾತ್ರಿ ಹಾಕಿದ ಕ್ಲೋರಿನ್ ಬೆಳಗಿನವರೆಗೆ ಉಳಿದಿದೆಯೋ ಎಂಬದನ್ನು ಅಂಗಡಿಯಲ್ಲಿ ದೊರೆಯುವ ಪರೀಕ್ಷೆಯ ಪೆಟ್ಟಿಗೆಯಿಂದ ನೋಡಬಹುದು. ಬೆಳಗಿಗೆ ಪೂರ ಇಳಿದುಹೋಗಿದ್ದರೆ ನೀರಿನಲ್ಲಿ ಅದನ್ನು ತಿನ್ನುವದೇನೋ ಇನ್ನೂ ಜೀವಂತವಿದೆಯೆಂದು ತಿಳಿದು ಸಂಜೆಗೆ ಮತ್ತೊಮ್ಮೆ ಹಾಕಬೇಕು. ಮೀನು ಬಿಟ್ಟ ಹೌದಕ್ಕೆ ಈ ಉಪಾಯ ಸಲ್ಲದು.

ತೋಟಗಾರರ ಮನೆಯಲ್ಲಿ ಮೈಲುತುತ್ತ ಯಾವಾಗಲೂ ಇರುವದು. ಅದು ಹಾವಸೆಯನ್ನು ಕೊಲ್ಲುವದೂ ನಿಜ. ಆದರೆ ನಮ್ಮ ಗಡಸು ನೀರಿನಲ್ಲಿ ಅದರ ಬಹುಭಾಗ ಕೆಲಸ ಮಾಡುವ ಮೊದಲೇ ತಳ ಹಿಡಿಯುವದು, ಮತ್ತು ಹೆಚ್ಚಾದರೆ ಮೀನಿಗೂ ಗಿಡಕ್ಕೂ ಕೇಡು. ಮಕ್ಕಳು ಈಸುವ, ದನಗಳು ಬಾಯಿಡುವ ನೀರಿಗೆ ನಾನು ಅದನ್ನು ಹಾಕಲಾರೆ.

ಈಗ ಕದಡಿನ ಮಾತು. ಇಲ್ಲಿ ಒಂದು ಸೂಕ್ಷ್ಮವಿದೆ: ಎಲ್ಲ ಕದಡೂ ಒಂದೇ ಅಲ್ಲ. ಸಿಂದಗಿಯ ಎರೆಹೊಲಗಳ ಮಳೆನೀರು ಹೌದಕ್ಕೆ ನುಗ್ಗಿದರೆ ಆಗುವ ಕಂದು ಕದಡು ಜೇಡಿಯದು. ಎರೆಮಣ್ಣಿನ ಕಣಗಳು ವಾರಗಟ್ಟಲೆ ತೇಲಬಲ್ಲವು. ಸತ್ತ ಹಾವಸೆಯದು ಬೂದು, ತುಸು ಹಸಿರು ನೆರಳಿನದು. ಮೂರನೆಯದು ಹಾಲಿನಂಥ ಅಚ್ಚ ಬಿಳುಪು, ಅದು ಸುಣ್ಣದ್ದು. ಡೋಣಿಯ ದಂಡೆಯ ಮುದ್ದೇಬಿಹಾಳದ ಕಡೆಯಲ್ಲಿಯೂ ಇತರ ಅನೇಕ ಊರುಗಳಲ್ಲಿಯೂ ಬಾವಿಯ ನೀರು ಸವಳು, ಗಡಸು. ಬೇಳೆ ಬೇಯದು, ಸಾಬೂನು ನೊರೆಯಾಗದು. ಅಂಥ ನೀರಿಗೆ ಬ್ಲೀಚಿಂಗ್ ಪುಡಿಯನ್ನು ಬಿದ್ದಾಗ ನೀರಿನೊಳಗೆ ಕರಗಿದ್ದ ಸುಣ್ಣವೇ ಹಿಟ್ಟಿನಂತೆ ಬಿಚ್ಚಿಕೊಳ್ಳುವದು. ಇವೆರಡನ್ನು ಬೇರೆಯಾಗಿ ಗುರುತಿಸುವ ಸಾಧನ ಇಂಡಿಯವರ ಕೈಯಲ್ಲಿಯೇ ಇದೆ: ಒಂದು ಗಾಜಿನ ಪೇಲೆಯಲ್ಲಿ ಕದಡಿದ ನೀರನ್ನು ತೆಗೆದುಕೊಂಡು ಅದಕ್ಕೆ ನಿಂಬೆಯ ಸೋಸಿದ ರಸದ ಕೆಲವು ಹನಿಗಳನ್ನು ಹಿಂಡಿ ಕಲಕಿರಿ. ಕೆಲ ಹೊತ್ತಿನಲ್ಲಿ ಬಿಳುಪು ಕರಗಿ ತಿಳಿಯಾದರೆ ಅದು ಸುಣ್ಣ. ಹಾಗೆಯೇ ಉಳಿದರೆ ಸತ್ತ ಹಾವಸೆ ಅಥವಾ ಮಣ್ಣು. ಈ ಪರೀಕ್ಷೆಯು ಪೇಲೆಯಲ್ಲಿ ಮಾತ್ರ. ಬ್ಲೀಚಿಂಗ್ ಪುಡಿಗೂ ಅದನ್ನು ಕಲಸಿದ ಬಕೀಟಿಗೂ ನಿಂಬೆರಸವಾಗಲಿ, ಬಚ್ಚಲು ತೊಳೆಯುವ ಆ್ಯಸಿಡಾಗಲಿ ಎಂದೂ ತಾಗಕೂಡದು. ಹುಟ್ಟುವ ಗಾಳಿಯು ಎದೆಯನ್ನು ಸುಡುವದು. ಪುಡಿಯನ್ನು ಯೂರಿಯಾ ಮೊದಲಾದ ಗೊಬ್ಬರದ ಚೀಲಗಳ ಮಗ್ಗುಲಲ್ಲಿ ಇಡುವದೂ ಅಷ್ಟೇ ಅಪಾಯದ್ದು.

ಸುಣ್ಣದ ಕದಡು ಎರಡು ಮೂರು ದಿನಗಳಲ್ಲಿ ತಾನಾಗಿ ಕೆಳಗಿಳಿಯುವದುಂಟು. ಹಾವಸೆಯ ಹೆಣಗಳು ಮಾತ್ರ ಅಷ್ಟು ಸುಲಭವಾಗಿ ಇಳಿಯವು: ಅತಿ ಹಗುರ, ಅತಿ ಸಣ್ಣ, ಮೇಲಾಗಿ ಒಂದೇ ಜಾತಿಯ ವಿದ್ಯುದಂಶವುಳ್ಳವಾದ್ದರಿಂದ ಒಂದನ್ನೊಂದು ನೂಕುತ್ತ ತೇಲುತ್ತಲೇ ಇರುವವು. ಮರಳಿನ ಸೋಸುಗೆಯ ಯಂತ್ರವುಳ್ಳವರು ಅದನ್ನು ಹಗಲಿರುಳು ನಡೆಸಿ, ಮರಳು ಕಟ್ಟಿಕೊಂಡಂತೆಲ್ಲ ಹಿಮ್ಮುಖವಾಗಿ ತೊಳೆದರೆ ಸಾಕು. ಉಳಿದವರಿಗೆ ಗತಿ ಪಟಿಕ, ನಮ್ಮ ಕಡೆ ತುರಟಿಯೆಂದು ಕೊಳ್ಳುವ ಅದೇ ಕಲ್ಲು. ನೀರಿನಲ್ಲಿ ಕರಗಿದಾಗ ಅದರಿಂದ ಹುಟ್ಟುವ ಅಂಟಾದ ಅರಳೆಯಂಥ ಪದಾರ್ಥವು ಆ ಕಣಗಳ ಮುನಿಸನ್ನು ತೀರಿಸಿ, ಗುಂಪು ಕೂಡಿಸಿ, ತಳಕ್ಕೆ ಎಳೆದೊಯ್ಯುವದು.

ಆದರೆ ಎಷ್ಟು ಹಾಕಬೇಕು? ಇದನ್ನು ಪುಸ್ತಕವಾಗಲಿ ನಾನಾಗಲಿ ಹೇಳಲಾರೆವು. ನಿಮ್ಮ ನೀರೇ ಹೇಳಬೇಕು. 10 ಗ್ರಾಮು ಪಟಿಕವನ್ನು ಪುಡಿಮಾಡಿ ಒಂದು ಲೀಟರು ನೀರಿನಲ್ಲಿ ಕರಗಿಸಿರಿ. ಹೌದದ ನೀರನ್ನು ಮೂರು ಸೀಸೆಗಳಲ್ಲಿ ಒಂದೊಂದು ಲೀಟರು ತುಂಬಿ, ಔಷಧದ ಅಳತೆಯ ಮುಚ್ಚಳದಿಂದ ಮೊದಲನೆಯದಕ್ಕೆ 2, ಎರಡನೆಯದಕ್ಕೆ 4, ಮೂರನೆಯದಕ್ಕೆ 6 ಮಿಲಿಲೀಟರಿನಷ್ಟು ಈ ದ್ರವವನ್ನು ಹಾಕಿರಿ. ಒಂದು ನಿಮಿಷ ಜೋರಾಗಿ, ಹತ್ತು ನಿಮಿಷ ಬಲು ನಿಧಾನವಾಗಿ ಕಲಕಿ, ಒಂದು ತಾಸು ಮುಟ್ಟದೆ ಬಿಡಿರಿ. ಯಾವ ಸೀಸೆಯು ಅತಿ ಕಡಿಮೆ ಪಟಿಕದಲ್ಲಿ ತಿಳಿಯಾಯಿತೋ ಅದೇ ನಿಮ್ಮ ಅಳತೆ. ಅಕ್ಕನ ಮನೆಯಲ್ಲಿ ಎರಡನೆಯದು ತಿಳಿಯಾಯಿತು. ಅದರ ಲೆಕ್ಕ ಲೀಟರಿಗೆ 40 ಮಿಲಿಗ್ರಾಮು. ಇಡಿಯ ಹೌದಕ್ಕೆ ಒಂದು ಕಿಲೋ ಏಳುನೂರು ಗ್ರಾಮಿನ ಹತ್ತಿರ. ಮೂರನೆಯ ಸೀಸೆಯೂ ತಿಳಿಯಾಗಿತ್ತು. ಹೆಚ್ಚು ಹಾಕಿದ್ದರೆ ದುಡ್ಡು ನೀರುಪಾಲಾಗುತ್ತಿತ್ತು, ನೀರಿಗೆ ಹುಳಿಯೂ ಏರುತ್ತಿತ್ತು.

ಪಟಿಕವಿಲ್ಲದ ಕಾಲದಲ್ಲಿ ಜನರೇನು ಮಾಡುತ್ತಿದ್ದರೆಂದರೆ ಚಿಲ್ಲದ ಬೀಜವನ್ನು ಕೊಡದ ಒಳಮೈಗೆ ತೇಯುತ್ತಿದ್ದರು. ಸಂಸ್ಕೃತದಲ್ಲಿ ಅದಕ್ಕೆ ಕತಕವೆಂದು ಹೆಸರು. ಕದಡಿದ ನೀರನ್ನು ತಿಳಿಗೊಳಿಸುವ ಏಳು ವಸ್ತುಗಳನ್ನು ಸುಶ್ರುತನು ಎಣಿಸುವಾಗ ಕತಕವನ್ನೇ ಮೊದಲು ಹೇಳಿದ್ದಾನೆ. ವಿನೋದವೆಂದರೆ ಅದೇ ಸಾಲಿನಲ್ಲಿ ಶೈವಾಲದ, ಎಂದರೆ ನೀರ ಹಾವಸೆಯ, ಬೇರನ್ನೂ ಸೇರಿಸಿದ್ದಾನೆ. ಸುಡಾನ ದೇಶದ ಹಳ್ಳಿಯ ಹೆಂಗಸರು ನೈಲ್ ನದಿಯ ಕೆನ್ನೀರನ್ನು ನುಗ್ಗೆಯ ಬೀಜದ ಪುಡಿಯಿಂದ ತಿಳಿಗೊಳಿಸುವರು. ಆ ಬೀಜದೊಳಗಿನ ಒಂದು ಪ್ರೋಟೀನು ಪಟಿಕದ ಕೆಲಸವನ್ನೇ ಮಾಡುವದೆಂದು ಶೋಧಕರು ಕಂಡುಕೊಂಡಿದ್ದಾರೆ. ಕುಡಿಯುವ ಒಂದು ಕೊಡಕ್ಕೆ ಇವು ಲೇಸು. ಹೌದಕ್ಕೆ ಬುಟ್ಟಿಗಟ್ಟಲೆ ಬೇಕಾಗುವದು, ಮೇಲಾಗಿ ಬೀಜದ ಉಳಿದ ಅಂಶ ನೀರಿನಲ್ಲಿ ಕೊಳೆತು ಹಾವಸೆಗೆ ಮತ್ತೆ ಊಟವಾಗುವದು.

ಪಟಿಕದ ನೀರನ್ನು ಹೌದದ ತುಂಬ ಚಿಮುಕಿಸಿ, ಗಳದಿಂದ ಮೆಲ್ಲಗೆ ಕಲಕಿ, ಒಂದು ರಾತ್ರಿ ಒಂದು ಹಗಲು ಯಾರೂ ಮುಟ್ಟದಂತೆ ಬಿಡಬೇಕು. ನಿಲ್ಲಿಸಿ ತಿಳಿಗೊಳಿಸುವ ಈ ವಿದ್ಯೆ ನಮ್ಮ ಜಿಲ್ಲೆಗೆ ಹೊಸತಲ್ಲ. 1651ರಲ್ಲಿ ಮುಹಮ್ಮದ್ ಆದಿಲಶಾಹನ ಕಾಲದಲ್ಲಿ ಕಟ್ಟಿದ ಬೇಗಂ ತಲಾಬದಿಂದ ಬಿಜಾಪುರ ಪಟ್ಟಣಕ್ಕೆ ನೆಲದೊಳಗಿನ ಕೊಳವೆಗಳಲ್ಲಿ ನೀರು ಬರುತ್ತಿದ್ದಾಗ ದಾರಿಯಲ್ಲಿ ಗಂಜ್ ಎಂಬ ಗೋಪುರಗಳನ್ನು ಕಟ್ಟಿದ್ದರು. ಅವು ನೀರಿನ ಒತ್ತಡವನ್ನು ಇಳಿಸುತ್ತಿದ್ದವು, ಹೂಳನ್ನು ತಮ್ಮ ತಳದಲ್ಲಿ ಹಿಡಿದಿಡುತ್ತಿದ್ದವು. ಅದೇ ಪಟ್ಟಣದ ತಾಜ ಬಾವಡಿಯು, 1620ರ ಆ ಭವ್ಯ ಬಾವಿಯು, ಬಹುಕಾಲ ಜನರು ಎಸೆದ ಕಸವನ್ನೂ ಮುಳುಗಿಸಿದ ಮೂರ್ತಿಗಳನ್ನೂ ನುಂಗಿ ಹಸಿರಾಗಿ ನಾರಿದ್ದನ್ನು ಕಂಡವರಿದ್ದಾರೆ. 2017ರ ಸುಮಾರಿಗೆ ಅದರ ಹೂಳನ್ನು ಎತ್ತಿ ತೆಗೆಯಬೇಕಾಯಿತು.

ಮರುದಿನ ಹೌದದ ತಳದಲ್ಲಿ ಬೂದು ಬಣ್ಣದ ಮೆತ್ತನೆಯ ಹಾಸಿಗೆಯು ಕೂತಿರುವದು. ಈಗ ಕಾಲಿಡಲೇಬಾರದು, ಒಂದು ಹೆಜ್ಜೆಗೆ ಎಲ್ಲವೂ ಮತ್ತೆ ಎದ್ದೀತು. ರಬ್ಬರಿನ ಕೊಳವೆಯ ಒಂದು ತುದಿಯನ್ನು ಗಳಕ್ಕೆ ಕಟ್ಟಿ ತಳಕ್ಕೆ ಇಳಿಸಿ, ಇನ್ನೊಂದನ್ನು ಹೊರಗಿನ ತಗ್ಗಿಗೆ ಬಿಟ್ಟು, ನೀರು ತುಂಬಿ ಎಳೆದರೆ ತನ್ನಿಂದ ತಾನೇ ಹರಿಯುವದು. ಗಳವನ್ನು ಕಸ ಗುಡಿಸಿದಂತೆ ಅಲ್ಲ, ಮಗುವಿನ ಮೈ ಸವರಿದಂತೆ ನಡೆಸಬೇಕು. ತಳದ ಅರ್ಧ ಅಡಿಯ ನೀರು ಹೋದರೆ 42,000ದಲ್ಲಿ 4,200 ಲೀಟರು. ಹತ್ತರಲ್ಲೊಂದು ಪಾಲು ಕೊಟ್ಟು ಒಂಬತ್ತು ಪಾಲನ್ನು ಉಳಿಸಿಕೊಂಡಂತೆ. ಹೊರಬಂದ ರಾಡಿಯನ್ನು ಬೇಲಿಯಂಚಿನ ಬರಿ ನೆಲಕ್ಕೆ ಬಿಡುವದು ಒಳಿತು. ಕ್ಲೋರಿನ್ನಿನ ವಾಸನೆ ಇರುವವರೆಗೆ ನಿಂಬೆಯ ಬುಡಕ್ಕೆ ಬೇಡ.

ಇನ್ನು ತಿಳಿಯಾಯಿತೆಂದು ಯಾವಾಗ ಹೇಳಬೇಕು? 1865ರಲ್ಲಿ ಸೆಕ್ಕಿಯೆಂಬ ಇಟಲಿಯ ಪಾದ್ರಿ-ಖಗೋಲಜ್ಞನು ಬಿಳಿಯ ತಟ್ಟೆಯನ್ನು ಸಮುದ್ರಕ್ಕೆ ಇಳಿಬಿಟ್ಟು, ಅದು ಕಣ್ಮರೆಯಾಗುವ ಆಳದಿಂದ ನೀರಿನ ತಿಳಿಯನ್ನು ಅಳೆದನು. ಇಂದಿಗೂ ಕೆರೆ ಸಮುದ್ರಗಳನ್ನು ಹಾಗೆಯೇ ಅಳೆಯುವರು. ನಮ್ಮ ಹೌದಕ್ಕೂ ಅದೇ ಸಾಕು. ಬಿಳಿಯ ತಾಟೊಂದನ್ನು ಹಗ್ಗ ಕಟ್ಟಿ ಅತಿ ಆಳದ ಕಡೆ ಇಳಿಸಿ, ಕಟ್ಟೆಯ ಮೇಲೆ ನಿಂತು ನೋಡಿರಿ. ಅದರ ಅಂಚು ಚೊಕ್ಕವಾಗಿ ಕಾಣಬೇಕು. ಕ್ಲೋರಿನ್ ಲೀಟರಿಗೆ 3 ಮಿಲಿಗ್ರಾಮಿಗೆ ಇಳಿದಿರಬೇಕು, ಆದರೆ ಒಂದಕ್ಕಿಂತ ಕೆಳಗೆ ಹೋಗಿರಬಾರದು. ಬೆಚ್ಚಗಿನ ನಿಂತ ನೀರಿನಲ್ಲಿ ಬೆಳೆದು ಮೂಗಿನಿಂದ ಮಿದುಳಿಗೇರುವ ಅಮೀಬಾ 2024ರಲ್ಲಿ ಕೇರಳದಲ್ಲಿ ಎಳೆಯ ಮಕ್ಕಳ ಜೀವ ತೆಗೆದುದನ್ನು ವಾಚಕರು ಓದಿರಬಹುದು. ಕಣ್ಣಿಗೆ ತಿಳಿಯಾದ ನೀರಿನಲ್ಲಿಯೂ ಅದು ಇರಬಲ್ಲದು. ಪಟಿಕ ಕದಡನ್ನು ತೆಗೆಯುವದೇ ಹೊರತು ಕ್ರಿಮಿಗಳನ್ನು ಕೊಲ್ಲದು. ಹಿಂದಿನವರಿಗೆ ಮೆಟ್ಟಿಲು ಬಾವಿಯ ತಿಳಿನೀರಿನಿಂದಲೇ ನಾರುಹುಣ್ಣು ಹತ್ತುತ್ತಿತ್ತು. ಆ ಪೀಡೆಯಿಂದ ಭಾರತವು ಮುಕ್ತವಾಯಿತೆಂದು ಸಾರಿದ್ದು 2000ದಲ್ಲಿ.

ನೀರ ಮೇಲೆ ಬಣ್ಣ ಚೆಲ್ಲಿದಂತೆ ನೀಲಿ-ಹಸಿರು ಕೆನೆ ಕಟ್ಟಿದ್ದರೆ ಅದು ಬೇರೆ ಜಾತಿ. ಅದರಲ್ಲಿ ಕಾಸಿದರೂ ಹೋಗದ ವಿಷವಿರಬಹುದಾದ್ದರಿಂದ ದನಕರುಗಳನ್ನೂ ದೂರವಿಡತಕ್ಕದ್ದು. ಆಳವಾದ ಹಳೆಯ ಬಾವಿಯ ಕೆಸರು ತೆಗೆಯಲು ಮನುಷ್ಯರನ್ನು ಇಳಿಸುವ ಸಾಹಸವನ್ನು ಮನೆಯವರು ಮಾಡಬಾರದು, ಒಳಗಿನ ಕೆಟ್ಟ ಗಾಳಿಗೆ ಒಬ್ಬನ ಹಿಂದೆ ಒಬ್ಬನು ಬಲಿಯಾಗುವದುಂಟು. 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯ ಹೊಂಡಗಳು ಈಗ ಹೊಲಗಳಲ್ಲಿ ಕಾಣುವವು. ತಾಡಪತ್ರಿ ಹಾಸಿದ ಅವುಗಳ ಇಳಿಜಾರು ಹಾವಸೆ ಹಿಡಿದಾಗ ದೊಡ್ಡವರನ್ನೂ ಮೇಲೇರಗೊಡದು. ಅವು ಈಸುವ ಜಾಗವೇ ಅಲ್ಲ. ಸುತ್ತ ತಂತಿಯ ಬೇಲಿಯೂ ಒಳಗೆ ಇಳಿಬಿಟ್ಟ ಗಂಟಿನ ಹಗ್ಗವೂ ಇರಲೇಬೇಕು.

ಅಕ್ಕನ ಮನೆಯಲ್ಲಿ ಈ ಕೆಲಸಕ್ಕೆಲ್ಲ ನಾಲ್ಕು ದಿನ ಹಿಡಿಯಿತು. ಆ ಮೇಲೆ ಹೌದದ ಪಡುವಣ ಮಗ್ಗುಲಿಗೆ ಹಸಿರು ನೆರಳು ಬಲೆಯನ್ನು ಕಟ್ಟಿಸಿದರು, ಪಂಪನ್ನು ದಿನಕ್ಕೆ ಎರಡು ತಾಸು ಸುಮ್ಮನೆ ತಿರುಗಿಸಿ ನೀರನ್ನು ಅಲುಗಿಸುತ್ತಿದ್ದರು, ಸಂಜೆಗೊಮ್ಮೆ ಅಳತೆಯ ಪುಡಿಯ ತಿಳಿಯನ್ನು ಬಿಡುತ್ತಿದ್ದರು. ತಂಬಿಗೆಯು ಮೂರನೆಯ ದಿನವೇ ಮೂಡಣ ಮೂಲೆಯಲ್ಲಿ ಕಂಡಿತ್ತು. ರಾಡಿ ಎದ್ದೀತೆಂದು ಯಾರೂ ತೆಗೆಯಲಿಲ್ಲ. ಐದನೆಯ ಬೆಳಿಗ್ಗೆ ಹುಡುಗರು ಸೊಂಟಕ್ಕೆ ಬೆಂಡು ಕಟ್ಟಿಕೊಂಡು ಸಾಲಾಗಿ ನಿಂತಾಗ ಮುದುಕಿಯು ಕಟ್ಟೆಯ ಹತ್ತಿರ ಬಂದು, ಬಾಗಿ ನೋಡಿ, "ಮೊದಲ ಆ ತಂಬಿಗಿ ತಗದು ಕೊಡ್ರಿ" ಎಂದಳು.